ಕೋರೆಲ್, ಇಲಸ್ಟ್ರೇಟರ್, ಇಂಕ್‌ಸ್ಕೇಪ್: ಕನ್ನಡದ ಇನ್ವಿಟೇಶನ್ ಕೆಲಸಕ್ಕ ಕಲಿಯಾಕ ಯಾವ್ದು ಸಲೀಸ್ ಐತ್ರಿ?

ರಂಗೋಲಿ_ಚುಕ್ಕಿ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಮನ್ಯಾಗ ಕುಂತು ಇನ್ವಿಟೇಶನ್ ಡಿಸೈನ್ ಮಾಡಿಕೊಡ್ತೀನಿ, ಗೃಹಪ್ರವೇಶ, ಸೀಮಂತ, ತೊಟ್ಟಿಲ ಕಾರ್ಯಕ್ರಮ, ಇಂಥಾವು. ಇಲ್ಲೀತನಕ ಎಲ್ಲಾ ಫೋನ್‌ನ್ಯಾಗ ಕ್ಯಾನ್ವಾದಾಗ ಮಾಡ್ತಿದ್ದೆ, ವಾಟ್ಸಾಪ್‌ನ್ಯಾಗ ಕಳಸಾಕ ಅಷ್ಟ ಸಾಕಾಗ್ತಿತ್ತು. ಈಗ ಮಂದಿ ಪ್ರಿಂಟ್ ಬೇಕು ಅಂತಾರ, ಒಂದಿಬ್ರು ಬಾಗಲಿಗೆ ಹಾಕೋ ಮನಿ ಹೆಸರಿನ ಬೋರ್ಡ್ ಡಿಸೈನ್ ಸುದ್ದಾ ಕೇಳ್ಯಾರ. ಪ್ರೆಸ್‌ನವ್ರಿಗೆ ಜೆಪೆಗ್ ಕೊಟ್ರ ಅಕ್ಷರದ ಅಂಚು ಒಡದ ಕಾಣ್ತಾವ, ವೆಕ್ಟರ್ ಫೈಲ್ (ಎಷ್ಟ ದೊಡ್ಡದು ಮಾಡಿದ್ರೂ ಅಂಚು ಒಡೀಲಾರದ್ದು) ಕೊಡ್ರಿ ಅಂತ ಹೇಳ್ತಾರ.

ಹಂಗಾಗಿ ಒಂದು ವೆಕ್ಟರ್ ಸಾಫ್ಟ್‌ವೇರ್ ಸರಿಯಾಗಿ ಕಲೀಬೇಕು ಅಂತ ಕುಂತೀನಿ. ಪ್ರೆಸ್‌ನ್ಯಾಗ ಕೇಳಿದ್ರ ಕೋರೆಲ್ ಅಂತಾರ, ನಮ್ಮಕ್ಕನ ಮಗ ಬೆಂಗಳೂರಾಗ ಕೆಲಸ ಮಾಡ್ತಾನ ಅವಾ ಇಲಸ್ಟ್ರೇಟರ್ ಬಿಟ್ಟು ಬ್ಯಾರೇದು ಮುಟ್ಟಬ್ಯಾಡ ಅಂತಾನ, ಯೂಟ್ಯೂಬ್ ನೋಡಿದ್ರ ಇಂಕ್‌ಸ್ಕೇಪ್ ಫ್ರೀ ಐತಿ ಅಂತಾರ, ಅಫಿನಿಟಿ ಅಂತ ಮತ್ತೊಂದ್ ಹೆಸರು ಕೇಳೀನಿ. ನಂದು ಐ3 ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಯಾವುದ್ರಾಗ ಎಷ್ಟು ಟೂಲ್ ಅದಾವು ಅನ್ನೋದು ನಂಗ ಬೇಕಾಗಿಲ್ರಿ. ಕನ್ನಡ ಅಕ್ಷರ ಸರಿ ಬರಬೇಕು, ರಂಗೋಲಿ ಬಾರ್ಡರ್, ತೋರಣ, ಕಳಸ ಇಂಥಾವು ನಾನ ಕೈಯಾರೆ ಬರೀಬೇಕು, ಕಡೀಗೆ ಪ್ರೆಸ್‌ನವ್ರು ತಕರಾರಿಲ್ದ ಫೈಲ್ ತಗೋಬೇಕು. ಇವು ಮೂರಕ್ಕ ಯಾವುದು ಹಗೂರ್ ಆಗ್ತೈತಿ, ಬಳಸಿದವ್ರು ಹೇಳ್ರಿ.

ಸ್ಕ್ರೀನ್_ಮತ್ತು_ಇಂಕು (ದಾವಣಗೆರೆ)

ಮೇಡಂ, ನಾನು ಪ್ರೆಸ್ ಲೈನಲ್ಲೇ ಇರೋನು, ನೇರವಾಗಿ ಹೇಳ್ತೀನಿ, ಕೋರೆಲ್‌ ಡ್ರಾ ಕಲೀರಿ. ಮೊದಲ ದಿನನೇ ಏನಾದ್ರೂ ಒಂದು ಮಾಡಿ ಮುಗಿಸಬಹುದಾದ ಸಾಫ್ಟ್‌ವೇರ್ ಅದು. ಯಾಕೆ ಅಂದ್ರೆ ಬಲಗಡೆ ಬಣ್ಣದ ಪಟ್ಟಿ ಇರುತ್ತೆ, ಲೆಫ್ಟ್ ಕ್ಲಿಕ್ ಮಾಡಿದ್ರೆ ಒಳಗೆ ಬಣ್ಣ ತುಂಬುತ್ತೆ, ರೈಟ್ ಕ್ಲಿಕ್ ಮಾಡಿದ್ರೆ ಔಟ್‌ಲೈನ್‌ಗೆ ಬಣ್ಣ ಬರುತ್ತೆ, ಅಷ್ಟೇ, ಯಾವ ಪ್ಯಾನಲ್ಲೂ ತೆಗೀಬೇಕಾಗಿಲ್ಲ. ಒಂದು ಹೂವು ಎಳ್ಕೊಂಡು ಹೋಗ್ತಾ ರೈಟ್ ಕ್ಲಿಕ್ ಕೊಟ್ರೆ ಅಲ್ಲಿ ಕಾಪಿ ಬೀಳುತ್ತೆ. ಪಿ ಒತ್ತಿದ್ರೆ ಪೇಜಿನ ನಡುವಿಗೆ ಹೋಗಿ ಕೂರುತ್ತೆ. ಎಫ್10 ಒತ್ತಿ ಶೇಪ್ ಟೂಲ್ ತಗೊಂಡ್ರೆ ಯಾವ ಗೆರೆ ಬೇಕಾದ್ರೂ ಬಗ್ಗಿಸಬಹುದು. ಒಂದು ಎಸಳು ಬರೆದು ಟ್ರಾನ್ಸ್‌ಫಾರ್ಮ್ ಡಾಕರ್‌ನಲ್ಲಿ 45 ಡಿಗ್ರಿ, 7 ಕಾಪಿ ಅಂತ ಕೊಟ್ಟು, ತಿರುಗೋ ಸೆಂಟರನ್ನ ಎಸಳಿನ ಬುಡಕ್ಕೆ ಇಟ್ರೆ ಎಂಟೆಸಳಿನ ಹೂ ರೆಡಿ. ನಿಮ್ ರಂಗೋಲಿ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು.

ನಮ್ ಕಡೆ ಫ್ಲೆಕ್ಸ್ ಅಂಗಡಿ, ಸ್ಕ್ರೀನ್ ಪ್ರಿಂಟಿಂಗ್, ಸ್ಟಿಕರ್ ಕಟಿಂಗ್, ರಬ್ಬರ್ ಸ್ಟ್ಯಾಂಪ್ ಮಾಡೋರು ಎಲ್ರ ಹತ್ರನೂ ಕೋರೆಲ್ ಇದ್ದೇ ಇರುತ್ತೆ. ಸಿಡಿಆರ್ ಫೈಲ್, ಅಂದ್ರೆ ಕೋರೆಲ್‌ನದೇ ಫೈಲ್, ಕೊಟ್ರೆ ಅವರೇ ಒಂದು ಕಾಗುಣಿತ ತಿದ್ದಬೇಕಾದ್ರೂ ತಿದ್ಕೋತಾರೆ. ಒಂದು ನೆನಪಿಟ್ಕೊಳ್ಳಿ, ಹೊಸ ವರ್ಶನ್‌ನಲ್ಲಿ ಸೇವ್ ಮಾಡಿದ ಫೈಲ್ ಹಳೇ ವರ್ಶನ್‌ನಲ್ಲಿ ಓಪನ್ ಆಗಲ್ಲ, ಅದಕ್ಕೆ ಸೇವ್ ಆ್ಯಸ್‌ ಮಾಡುವಾಗ ಅವರ ಹತ್ರ ಇರೋ ವರ್ಶನ್ ಕೇಳಿ ಅದನ್ನೇ ಸೆಲೆಕ್ಟ್ ಮಾಡಿ.

ಕನ್ನಡದ ವಿಷಯಕ್ಕೆ ಬಂದ್ರೆ ಪ್ರೆಸ್‌ಗಳಲ್ಲಿ ಇನ್ನೂ ನುಡಿ ಆಸ್ಕಿ ಫಾಂಟ್‌ಗಳೇ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಥರದವು) ಜಾಸ್ತಿ ಓಡ್ತಿರೋದು. ನೀವು ವಾಟ್ಸಾಪ್‌ನಲ್ಲಿ ಬಂದ ಯೂನಿಕೋಡ್ ಮ್ಯಾಟರನ್ನ ಹಾಗೇ ಪೇಸ್ಟ್ ಮಾಡಿ ನುಡಿ 01 ಇ ಹಾಕಿದ್ರೆ ಏನೂ ಓದೋಕೆ ಬರಲ್ಲ, ಮೊದಲು ಕನ್ವರ್ಟರ್‌ನಲ್ಲಿ ಹಾಕಿ ಬದಲಾಯಿಸ್ಕೋಬೇಕು. ಯೂನಿಕೋಡೇ ಬೇಕು ಅಂದ್ರೆ ಕೋರೆಲ್ ಎಕ್ಸ್6 ವರ್ಶನ್ ಅಥವಾ ಅದರ ಮೇಲಿನದ್ದು ಇಟ್ಕೊಳ್ಳಿ, ಅದಕ್ಕಿಂತ ಹಳೇದ್ರಲ್ಲಿ ಒತ್ತಕ್ಷರ ಬಿಚ್ಕೊಂಡು ಪಕ್ಕಕ್ಕೆ ಹೋಗುತ್ತೆ.

ಗೆರೆಗಾರ್ತಿ (ಮೈಸೂರು)

ದಾವಣಗೆರೆಯವರು ಹೇಳಿದ್ದು ಪ್ರೆಸ್ ಕಡೆಯಿಂದ ನೋಡಿದ್ರೆ ಸರಿನೇ, ಆದ್ರೆ ರಂಗೋಲಿ ಚುಕ್ಕಿಯವರೇ, ನೀವು ಮನೇಲಿ ಕೂತು ಶುರು ಮಾಡ್ತಿರೋರು, ಮೊದಲೇ ಅಷ್ಟು ದುಡ್ಡು ಹಾಕೋದು ಬೇಡ ಅನ್ನೋದು ನನ್ನ ಅಭಿಪ್ರಾಯ. ಕ್ರ್ಯಾಕ್ ಮಾಡಿದ ಕಾಪಿ ಹಾಕ್ಕೊಡ್ತೀನಿ ಅಂತ ಯಾರಾದ್ರೂ ಬಂದೇ ಬರ್ತಾರೆ, ದಯವಿಟ್ಟು ಹಾಕಿಸ್ಕೋಬೇಡಿ, ನಿಮ್ಮ ಗ್ರಾಹಕರ ಫೈಲ್, ಯುಪಿಐ ಎಲ್ಲಾ ಅದೇ ಲ್ಯಾಪ್‌ಟಾಪ್‌ನಲ್ಲಿ ಇರುತ್ತೆ.

ಇಂಕ್‌ಸ್ಕೇಪ್ ಹಾಕ್ಕೊಳ್ಳಿ. 2003ರಲ್ಲಿ ಸೋಡಿಪೋಡಿ ಅನ್ನೋ ಪ್ರೋಗ್ರಾಮಿಂದ ಕವಲೊಡೆದು ಬಂದದ್ದು, ಅವತ್ತಿಂದ ಇವತ್ತಿನವರೆಗೂ ಪೂರ್ತಿ ಉಚಿತ, 2020ರಲ್ಲಿ 1.0 ಬಂದಮೇಲೆ ನೋಡೋಕೂ ಕೆಲಸಕ್ಕೂ ತುಂಬಾ ಸುಧಾರಿಸಿದೆ. ಇದ್ರಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟವಾಗೋದು ಕನ್ನಡ. ಯೂನಿಕೋಡ್ ಕನ್ನಡ ಟೈಪ್ ಮಾಡಿದ್ರೆ ಸುಮ್ಮನೆ ಸರಿಯಾಗಿ ಬರುತ್ತೆ, ಎಲ್ಲೂ ಹೋಗಿ ಯಾವ ಸೆಟಿಂಗೂ ಆನ್ ಮಾಡಬೇಕಾಗಿಲ್ಲ, ಯಾಕಂದ್ರೆ ಅಕ್ಷರ ಜೋಡಿಸೋಕೆ ಅದು ಬಳಸೋ ಪ್ಯಾಂಗೋ, ಹಾರ್ಫ್‌ಬಜ್ ಅನ್ನೋವು ಭಾರತೀಯ ಲಿಪಿಗಳನ್ನ ಚೆನ್ನಾಗಿ ಬಲ್ಲವು. ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸೆರಿಫ್ ಕನ್ನಡ ಎಲ್ಲಾ ಫ್ರೀ ಸಿಗುತ್ತೆ, ವ್ಯಾಪಾರಕ್ಕೆ ಬಳಸಿದ್ರೂ ತೊಂದರೆ ಇಲ್ಲ. ಬಾಲೂ ತಮ್ಮ ತೊಟ್ಟಿಲ ಕಾರ್ಯಕ್ರಮದ ಕಾರ್ಡಿಗೆ ಎಷ್ಟು ಮುದ್ದಾಗಿ ಕೂರುತ್ತೆ ನೋಡಿ.

ನಾನು ಯಾವ ಸಾಫ್ಟ್‌ವೇರ್ ನೋಡಿದ್ರೂ ಮೊದಲು ಈ ಒಂದು ಸಾಲು ಟೈಪ್ ಮಾಡ್ತೀನಿ: ಶ್ರೀ ಕೃಷ್ಣ, ಗೃಹಪ್ರವೇಶ, ಸ್ವಾತಂತ್ರ್ಯ, ಸೂರ್ಯ, ಅರ್ಘ್ಯ. ತಂತ್ರ್ಯದಲ್ಲಿ ಎರಡು ಒತ್ತು ಒಟ್ಟಿಗೆ ಕೂರಬೇಕು, ಸೂರ್ಯದಲ್ಲಿ ಅರ್ಕಾವತ್ತು ಪಕ್ಕಕ್ಕೆ ಬರಬೇಕು, ಗೃ ದಲ್ಲಿ ಋಕಾರದ ಕೊಂಬು ಗ ದಿಂದ ದೂರ ಹೋಗಬಾರದು. ಈ ಸಾಲು ತಪ್ಪಿಲ್ಲದೆ ಬಂದ್ರೆ ಆ ಸಾಫ್ಟ್‌ವೇರ್ ಮುಂದೆ ಕಲಿಯೋಕೆ ಯೋಗ್ಯ, ಬರಲಿಲ್ಲ ಅಂದ್ರೆ ಅದರ ಪೆನ್ ಟೂಲ್ ಎಷ್ಟೇ ಚೆಂದ ಇದ್ರೂ ನಮ್ಮ ಇನ್ವಿಟೇಶನ್ ಕೆಲಸಕ್ಕೆ ಅದು ಸುಲಭ ಅಲ್ಲವೇ ಅಲ್ಲ, ಪ್ರತಿ ಹೆಸರಿಗೂ ಒದ್ದಾಡಬೇಕಾಗುತ್ತೆ.

ರಂಗೋಲಿಗೆ ಇದ್ರಲ್ಲಿ ಪಾತ್ ಎಫೆಕ್ಟ್ಸ್ ಅಂತ ಇದೆ. ಒಂದು ಬಳ್ಳಿ ಬರೆದು ರೊಟೇಟ್ ಕಾಪೀಸ್ ಹಾಕಿ, 8 ಅಂತ ಕೊಡಿ, ಎಂಟೂ ಬರುತ್ತೆ. ಆಮೇಲೆ ಆ ಮೊದಲಿನ ಬಳ್ಳಿಯ ಒಂದು ನೋಡ್ (ಗೆರೆಯನ್ನ ಹಿಡಿದಿರೋ ಬಿಂದು) ಎಳೆದ್ರೆ ಉಳಿದ ಏಳೂ ತಾನಾಗೇ ಬದಲಾಗ್ತವೆ. ಕಣ್ಮುಂದೆ ರಂಗೋಲಿ ಅರಳ್ತಾ ಹೋಗುತ್ತೆ, ಇದನ್ನ ನೋಡಿದ ಮಕ್ಕಳು ಲ್ಯಾಪ್‌ಟಾಪ್ ಬಿಟ್ಟು ಏಳಲ್ಲ. ಮಿರರ್ ಸಿಮಿಟ್ರಿ ಅಂತ ಇನ್ನೊಂದಿದೆ, ಕಳಸ, ದೀಪ ಇಂಥವು ಅರ್ಧ ಬರೆದ್ರೆ ಸಾಕು.

ಕೊರತೆ ಇಲ್ಲ ಅಂತಲ್ಲ. ಬ್ಲರ್ ಮಾಡಿದ ನೆರಳು ಜಾಸ್ತಿ ಹಾಕಿದ್ರೆ ನಿಮ್ಮ ಲ್ಯಾಪ್‌ಟಾಪ್ ಹೆಣಗಾಡುತ್ತೆ. ಇನ್ನೊಂದು, ಅದು ಕೊಡೋ ಪಿಡಿಎಫ್ ಆರ್‌ಜಿಬಿ (ಸ್ಕ್ರೀನಿನ ಕೆಂಪು, ಹಸಿರು, ನೀಲಿ ಲೆಕ್ಕ), ನಾಲ್ಕು ಬಣ್ಣದ ಆಫ್‌ಸೆಟ್‌ಗೆ ಬೇಕಾದ ಸಿಎಂವೈಕೆ (ಪ್ರಿಂಟಿನ ನಾಲ್ಕು ಇಂಕಿನ ಲೆಕ್ಕ) ನೇರವಾಗಿ ಕೊಡಲ್ಲ.

ಸ್ಕ್ರೀನ್_ಮತ್ತು_ಇಂಕು (ದಾವಣಗೆರೆ)

@ಗೆರೆಗಾರ್ತಿ ಆ ಸಿಎಂವೈಕೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸ್ತು, ಯಾಕಂದ್ರೆ ತುಂಬ ಜನ ಅದಕ್ಕೇ ಹೆದರಿ ಇಂಕ್‌ಸ್ಕೇಪ್ ಬಿಡ್ತಾರೆ. ರೆಡಿಮೇಡ್ ಕಾರ್ಡ್ ಮೇಲೆ ಒಂದೇ ಬಣ್ಣದಲ್ಲಿ, ಗೋಲ್ಡೋ ಮರೂನೋ, ಸ್ಕ್ರೀನ್ ಪ್ರಿಂಟ್ ಮಾಡೋದಾದ್ರೆ ನಮಗೆ ಬೇಕಾಗಿರೋದು ಪೂರ್ತಿ ಕಪ್ಪಲ್ಲಿರೋ ಆರ್ಟ್‌ವರ್ಕ್ ಅಷ್ಟೇ, ಅದನ್ನ ಫಿಲ್ಮೋ ಟ್ರೇಸಿಂಗ್ ಪೇಪರೋ ತೆಗೆದು ಸ್ಕ್ರೀನ್ ಎಕ್ಸ್‌ಪೋಸ್ ಮಾಡ್ತೀವಿ, ಇಂಕು ನಾವು ಕೈಯಲ್ಲಿ ಕಲಸೋದು. ಅಲ್ಲಿ ಆರ್‌ಜಿಬಿನೂ ಇಲ್ಲ ಸಿಎಂವೈಕೆನೂ ಇಲ್ಲ. ಎರಡು ಬಣ್ಣ ಆದ್ರೆ ಎರಡು ಕಪ್ಪು ಫೈಲ್. ಫ್ಲೆಕ್ಸ್‌ಗೂ ದೊಡ್ಡ ಜೆಪೆಗ್ ಅಥವಾ ಟಿಫ್ ತಗೋತಾರೆ. ಫೋಟೋ ಇರೋ ಮಲ್ಟಿಕಲರ್ ಆಫ್‌ಸೆಟ್ ಕಾರ್ಡ್ ಬಂದಾಗ ಮಾತ್ರ ಸಿಎಂವೈಕೆ ಬೇಕೇ ಬೇಕು. ಆಗಲೂ ಪಿಡಿಎಫ್ ಕೊಟ್ರೆ ಪ್ರೆಸ್‌ನವ್ರು ಕೋರೆಲ್‌ನಲ್ಲಿ ಬಣ್ಣ ಬದಲಾಯಿಸ್ಕೋತಾರೆ, ಆದ್ರೆ ಸ್ಕ್ರೀನಲ್ಲಿ ಮಿಂಚೋ ಗಿಳಿಹಸಿರು, ರಾಣಿ ಪಿಂಕ್ ಎಲ್ಲಾ ಮಂಕಾಗುತ್ತೆ ಅಂತ ಗಿರಾಕಿಗೆ ಮೊದಲೇ ಹೇಳಿ, ಒಂದು ಪ್ರೂಫ್ ತೆಗೆಸಿ ತೋರಿಸಿ.

ಬಸವನಗುಡಿ_ಬ್ರಷ್

ನಾನು ಏಜೆನ್ಸಿಲಿ ದಿನಾ ಇಲಸ್ಟ್ರೇಟರ್ ಮೇಲೆ ಕೆಲಸ ಮಾಡೋನು. ನಿಮ್ಮಕ್ಕನ ಮಗ ಹೇಳಿದ್ದು ಅವರ ಕೆಲಸಕ್ಕೆ ಸರಿ ಇರಬಹುದು, ಏಜೆನ್ಸಿ, ಕಂಪನಿ ಕೆಲಸಕ್ಕೆ ಅದು ಬೇಕೇ ಬೇಕು, ಆದ್ರೆ ನಿಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ ಅನ್ಸುತ್ತೆ. 1987ರಿಂದ ಬೆಳೀತಾ ಬಂದಿರೋ ಸಾಫ್ಟ್‌ವೇರು, ಪೆನ್ ಟೂಲ್ ಅಷ್ಟು ನಯವಾಗಿ ಬೇರೆಲ್ಲೂ ಸಿಗಲ್ಲ, ಟೆಕ್ಸ್ಟ್ ಮೇಲೆ ಹಿಡಿತಾನೂ ಜಾಸ್ತಿ. ಹೊಸಬರಿಗೆ ಕಷ್ಟ ಆಗೋದು ಎಲ್ಲಿ ಅಂದ್ರೆ ಕಪ್ಪು ಬಾಣ ಬಿಳಿ ಬಾಣ ಅಂತ ಎರಡು ಸೆಲೆಕ್ಷನ್ ಟೂಲ್ ಇವೆ, ಇಡೀ ವಸ್ತು ಹಿಡಿಯೋಕೆ ಒಂದು, ಒಂದೇ ಬಿಂದು ಹಿಡಿಯೋಕೆ ಇನ್ನೊಂದು, ಗ್ರೂಪ್ ಒಳಗೆ ಗ್ರೂಪ್ ಇದ್ರೆ ಯಾವುದು ಹಿಡ್ಕೊಂಡಿದೀನಿ ಅಂತಲೇ ಗೊತ್ತಾಗಲ್ಲ. ಫಿಲ್ ಮುಂದೆ ಇದ್ಯಾ ಸ್ಟ್ರೋಕ್ ಮುಂದೆ ಇದ್ಯಾ ನೋಡ್ಕೊಂಡು ಬಣ್ಣ ಕೊಡಬೇಕು. ಒಂದು ತಿಂಗಳು ಕೂತು ಕಲಿತ್ರೆ ಕೈಗೆ ಹತ್ತುತ್ತೆ, ಹತ್ತಿದ ಮೇಲೆ ವೇಗ ಬರುತ್ತೆ.

ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಒಡೆದು ಕಾಣುತ್ತೆ ಅಂತ ತುಂಬ ಜನ ಬಿಟ್ಟೇಬಿಡ್ತಾರೆ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಅಂತ ಇದೆ, ಅಲ್ಲಿ ಶೋ ಇಂಡಿಕ್ ಆಪ್ಶನ್ಸ್ ಟಿಕ್ ಮಾಡಿ, ಆಮೇಲೆ ಪ್ಯಾರಾಗ್ರಾಫ್ ಪ್ಯಾನಲ್‌ನ ಮೂಲೆ ಮೆನುವಿನಲ್ಲಿ ಸೌತ್ ಏಶಿಯನ್ ಕಂಪೋಸರ್ ಆರಿಸಿ, ಸರಿಹೋಗುತ್ತೆ. ಇದನ್ನ ಯಾರಾದ್ರೂ ಹೇಳಿಕೊಡದೆ ತಾನಾಗಿ ಗೊತ್ತಾಗೋದು ಕಷ್ಟ.

ನಿಮಗೆ ಬೇಡ ಅನ್ನೋಕೆ ಮುಖ್ಯ ಕಾರಣ ಬಾಡಿಗೆ, ತಿಂಗಳು ತಿಂಗಳು ಕಟ್ಟಬೇಕು, 2013ರಲ್ಲಿ ಕ್ರಿಯೇಟಿವ್ ಕ್ಲೌಡ್‌ಗೆ ಹೋದಮೇಲೆ ಒಂದೇ ಸಲ ಕೊಳ್ಳೋ ದಾರಿ ಮುಚ್ಚಿಹೋಯ್ತು. ಜೊತೆಗೆ 8 ಜಿಬಿ ರ್‍ಯಾಮ್ ಅನ್ನೋದು ಅವರು ಹೇಳೋ ಕನಿಷ್ಠ, ಸರಿಯಾಗಿ ಓಡಬೇಕಂದ್ರೆ 16 ಬೇಕು.

ಅಫಿನಿಟಿ ಬಗ್ಗೆ ಕೇಳಿದ್ರಲ್ಲ. ಬ್ರಿಟನ್ನಿನ ಸೆರಿಫ್ ಕಂಪನಿಯದ್ದು, 2024ರಲ್ಲಿ ಕ್ಯಾನ್ವಾ ಕೊಂಡ್ಕೊಂಡ್ತು, 2025ರ ಅಕ್ಟೋಬರ್ ಕೊನೇಲಿ ಮೂರೂ ಆ್ಯಪ್ ಸೇರಿಸಿ ಒಂದೇ ಮಾಡಿ ಫ್ರೀ ಬಿಟ್ಟಿದ್ದಾರೆ, ಕ್ಯಾನ್ವಾ ಅಕೌಂಟ್ ನಿಮ್ಮ ಹತ್ರ ಇದ್ದೇ ಇದೆ. ಬರಿಯೋಕೆ ನಿಜವಾಗ್ಲೂ ಹಿತವಾಗಿದೆ, ಸಿಎಂವೈಕೆ ಇದೆ. ಆದ್ರೆ ಹಿಂದಿನ 2ನೇ ವರ್ಶನ್‌ವರೆಗೂ ಕನ್ನಡ ಯೂನಿಕೋಡ್ ಒತ್ತಕ್ಷರ ಕೂರ್ತಿರಲಿಲ್ಲ, ಹಾಗಾಗಿ ಹೊಸದು ಹಾಕ್ಕೊಂಡ ತಕ್ಷಣ ಗೆರೆಗಾರ್ತಿಯವರ ಆ ಸಾಲು ಟೈಪ್ ಮಾಡಿ ನೋಡಿ, ಮಿಕ್ಕಿದ್ದೆಲ್ಲಾ ಆಮೇಲೆ.

ರಂಗೋಲಿ_ಚುಕ್ಕಿ (ಧಾರವಾಡ)

ಎಲ್ಲಾರಿಗೂ ಭಾಳ ಥ್ಯಾಂಕ್ಸ್‌ರಿ. ಇಂಕ್‌ಸ್ಕೇಪ್ ಹಾಕ್ಕೊಂಡೆ. ಗೆರೆಗಾರ್ತಿ ಅಕ್ಕಾರು ಹೇಳಿದ ಸಾಲು ಬರದೆ, ಎಲ್ಲಾ ಸರಿ ಬಂತು, ನೋಡಿ ಖುಷಿ ಆತು. ರೊಟೇಟ್ ಕಾಪೀಸ್‌ನೂ ಮಾಡಿ ನೋಡಿದೆ.

ಈಗ ತೊಂದ್ರಿ ಆಗಾಕತ್ತಿದ್ದು ಗೆರಿ ಬರಿಯೋದ್ರಾಗ. ಕೈಲೆ ರಂಗೋಲಿ ಹಾಕುವಾಗ ಒಂದ ಎಳಿ ಸರ್ ಅಂತ ಹೋಗತೈತಿ, ಇಲ್ಲಿ ಪೆನ್‌ಲೆ ಬರದ್ರ ಅಲ್ಲಲ್ಲೆ ಮುರದಂಗ ಕಾಣ್ತೈತಿ. ಪೆನ್ಸಿಲ್ ಟೂಲ್‌ಲೆ ಎಳದ್ರ ನೂರಾರು ಚುಕ್ಕಿ ಬರ್ತಾವ, ಒಂದ್ ಸರಿ ಮಾಡಿದ್ರ ಇನ್ನೊಂದ್ ಕೆಡ್ತೈತಿ. ಹಾಳ್ಯಾಗ ಬರದ್ ಫೋಟೋ ಹೊಡದು ಟ್ರೇಸ್ ಮಾಡಿದ್ರ ಹೆಂಗ? ಮತ್ತ ಬೋರ್ಡ್ ಕೆಲಸಕ್ಕ ಇದ ಫೈಲ್ ನಡೀತೈತೇನ್ರಿ?

ಗೆರೆಗಾರ್ತಿ (ಮೈಸೂರು)

ಇದು ಇಂಕ್‌ಸ್ಕೇಪ್‌ಗೆ ಮಾತ್ರ ಸೇರಿದ್ದಲ್ಲ, ಕೋರೆಲ್ ತಗೊಂಡ್ರೂ ಇಲಸ್ಟ್ರೇಟರ್ ತಗೊಂಡ್ರೂ ಇದೇ ಬೆಝಿಯೇ ಗೆರೆ. ರೆನೋ ಕಾರು ಕಂಪನೀಲಿ ಇಂಜಿನಿಯರ್ ಆಗಿದ್ದ ಪಿಯರ್ ಬೆಝಿಯೇ ಕಾರಿನ ಮೈಯ ಬಾಗು ಬಳುಕನ್ನ ಲೆಕ್ಕಕ್ಕೆ ಹಿಡಿಯೋಕೆ ಬಳಸಿ ಹೆಸರು ಮಾಡಿದ ವಿಧಾನ ಇದು. ಹಾಗಾಗಿ ಇದನ್ನ ಒಂದು ಸಲ ಕಲಿತ್ರೆ ನಾಳೆ ಸಾಫ್ಟ್‌ವೇರ್ ಬದಲಾಯಿಸಿದ್ರೂ ಕೈ ಬದಲಾಗಲ್ಲ, ಅದಕ್ಕೇ ಇದ್ರ ಮೇಲೆ ಹೆಚ್ಚು ಹೊತ್ತು ಹಾಕಿ ಅಂತ ಕೇಳ್ಕೋತೀನಿ.

ಗೆರೆ ಮುರಿದ ಹಾಗೆ ಕಾಣೋದು ನೋಡ್ ಜಾಸ್ತಿ ಆದಾಗ. ಚುಕ್ಕಿ ಇಟ್ಟಲ್ಲೆಲ್ಲಾ ನೋಡ್ ಇಡಬೇಡಿ. ಬಳ್ಳಿ ಎಲ್ಲಿ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಪೂರ್ತಿ ಮೇಲೆ, ಪೂರ್ತಿ ಕೆಳಗೆ ಮುಟ್ಟಿ ತಿರುಗುತ್ತೋ ಅಲ್ಲಿ ಮಾತ್ರ ಇಡಿ. ಒಂದು ಪೂರ್ತಿ ಸುತ್ತಿಗೆ ನಾಲ್ಕು ಸಾಕು. ಇಟ್ಟಾಗ ಕ್ಲಿಕ್ ಮಾಡಿ ಬಿಡಬೇಡಿ, ಒತ್ತಿ ಹಿಡಿದು ಗೆರೆ ಹೋಗೋ ದಿಕ್ಕಿಗೆ ಎಳೀರಿ, ಆಗ ಹ್ಯಾಂಡಲ್ ಬರುತ್ತೆ, ಅದು ಉದ್ದ ಆದಷ್ಟೂ ಬಾಗು ಅಗಲ ಆಗುತ್ತೆ. ಬರೆದು ಮುಗಿಸಿದ ಮೇಲೆ ಎನ್ ಒತ್ತಿ ನೋಡ್ ಟೂಲ್ ತಗೊಂಡು ಗೆರೆಯನ್ನೇ ಹಿಡಿದು ಎಳೆದು ತಿದ್ದಬಹುದು. ಪೆನ್ಸಿಲ್‌ನಲ್ಲಿ ಬರಿಯೋದೇ ಹಿತ ಅನಿಸಿದ್ರೆ ಮೇಲೆ ಸ್ಮೂತಿಂಗ್ ಅಂತ ಇದೆ, ಅದನ್ನ ಜಾಸ್ತಿ ಮಾಡಿ. ಅದೇ ಸಾಲಲ್ಲಿ ಸ್ಪೈರೋ ಮೋಡ್ ಅಂತ ಒಂದಿದೆ, ಎಳೆ ರಂಗೋಲಿಗೆ ಅಂತಲೇ ಮಾಡಿದ ಹಾಗಿದೆ, ಬಿಂದು ಇಡ್ತಾ ಹೋದ್ರೆ ಅದೇ ನಯವಾಗಿ ಸುತ್ತಿಸಿಕೊಂಡು ಹೋಗುತ್ತೆ.

ಹಾಳೆಯ ಫೋಟೋ ಟ್ರೇಸ್ ಮಾಡಬಹುದು, ಆದ್ರೆ ಟ್ರೇಸ್ ಬಿಟ್‌ಮ್ಯಾಪ್ ಒಂದು ಎಳೆಗೆ ಒಂದು ಗೆರೆ ಕೊಡಲ್ಲ, ಆ ಎಳೆಯ ಎರಡೂ ಅಂಚು ಹಿಡಿದು ಒಂದು ಆಕಾರ ಮಾಡುತ್ತೆ. ಸೆಂಟರ್‌ಲೈನ್ ಅಂತ ಒಂದು ಆಯ್ಕೆ ಇದೆ, ಪರವಾಗಿಲ್ಲ, ಆದ್ರೆ ಎಳೆ ಒಂದನ್ನೊಂದು ದಾಟೋ ಜಾಗದಲ್ಲಿ ಕೆಡುತ್ತೆ. ನೀವು ಕೈಯಲ್ಲಿ ಅಷ್ಟು ಚೆಂದ ಹಾಕೋರು, ಫೋಟೋ ಕೆಳಗೆ ಒಂದು ಲೇಯರ್‌ನಲ್ಲಿ ಮಸುಕಾಗಿ ಇಟ್ಟು ಲಾಕ್ ಮಾಡಿ ಅದರ ಮೇಲೆ ಪೆನ್‌ನಲ್ಲಿ ತೀಡಿ, ಆಮೇಲೆ ಎಳೆಯ ದಪ್ಪ ಸ್ಟ್ರೋಕ್‌ನಲ್ಲಿ ಬೇಕಾದ ಹಾಗೆ ಬದಲಾಯಿಸಬಹುದು. ದಪ್ಪ ಹೀಗೆ ನಿಮ್ಮ ಕೈಲಿರೋದೇ ದೊಡ್ಡ ಅನುಕೂಲ, ಸಣ್ಣ ಕಾರ್ಡಿಗೆ ತೆಳ್ಳಗೆ, ದೊಡ್ಡ ಬ್ಯಾನರ್‌ಗೆ ದಪ್ಪ, ಅದೇ ಫೈಲು.

ಅಂದ ಹಾಗೆ ಕ್ಲಾಸಿಗೆ ಹೋಗಿ ಕೋರೆಲ್ ಕಲಿತೋರು ಯಾರಾದ್ರೂ ಇದನ್ನ ಓದ್ತಿದ್ರೆ, ಇಂಕ್‌ಸ್ಕೇಪ್ ಪ್ರಿಫರೆನ್ಸಸ್‌ನಲ್ಲಿ ಕೀಬೋರ್ಡ್ ಅಂತ ಇರೋ ಕಡೆ ಕೋರೆಲ್ ಶಾರ್ಟ್‌ಕಟ್‌ಗಳನ್ನೇ ಆರಿಸ್ಕೋಬಹುದು.

ಕಡಲತಡಿ_ಲೇಸರ್ (ಮಂಗಳೂರು)

ಬೋರ್ಡಿನ ಪ್ರಶ್ನೆಗೆ ನಾನು ಹೇಳ್ತೇನೆ, ನಮ್ಮದು ಎಂಡಿಎಫ್, ಅಕ್ರಿಲಿಕ್ ಕಟ್ಟಿಂಗ್ ಕೆಲಸ. ಫೈಲ್ ನಡೀತದೆ ಮಾರ್ರೆ, ಎಸ್‌ವಿಜಿ (ಇಂಕ್‌ಸ್ಕೇಪ್‌ನದ್ದೇ ಫೈಲ್) ಕೊಟ್ರೆ ಬೇಕಾದಷ್ಟಾಯ್ತು. ಆದ್ರೆ ಕನ್ನಡದ ಬೋರ್ಡಿಗೆ ಕೆಲವು ಸಂಗತಿ ಉಂಟು, ಯಾವ ಸಾಫ್ಟ್‌ವೇರ್ ಆದ್ರೂ ನೀವೇ ನೋಡ್ಕೊಳ್ಬೇಕು.

ಮೊದಲು ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಮಾಡಿ, ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್ ಕಂಟ್ರೋಲ್ ಸಿ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ. ಆಮೇಲೆ ಅನ್‌ಗ್ರೂಪ್ ಮಾಡಿ ಯೂನಿಯನ್ ಕೊಡಿ, ಕೋರೆಲ್‌ನವರು ವೆಲ್ಡ್ ಹೇಳ್ತಾರಲ್ಲ ಅದೇ. ಯಾಕೆ ಅಂದ್ರೆ ಕನ್ನಡ ಫಾಂಟಿನಲ್ಲಿ ದೀರ್ಘ, ಕೊಂಬು, ಒತ್ತು ಎಲ್ಲ ಬೇರೆ ಬೇರೆ ತುಂಡಾಗಿ ಒಂದರ ಮೇಲೊಂದು ಕೂತಿರ್ತದೆ, ಸ್ಕ್ರೀನಿನಲ್ಲಿ ಒಂದೇ ಅಕ್ಷರದ ಹಾಗೆ ಕಾಣ್ತದೆ, ಮೆಶಿನ್ ಮಾತ್ರ ಒಳಗಿನ ಗೆರೆಯನ್ನೂ ಕೊಯ್ತದೆ.

ಎರಡನೇದು, ಅಕ್ಷರವನ್ನೇ ಕೊಯ್ದು ತೆಗೆಯುವ ಬೋರ್ಡ್ ಆದ್ರೆ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗಿರೋದಿಲ್ಲ. ಅಮ್ಮ ಅಂತ ಬರೆದ್ರೆ ಕೆಳಗಿನ ಮ ಒತ್ತು ಬೇರೆ ತುಂಡಾಗಿ ಬಿದ್ದುಹೋಗ್ತದೆ. ಹಿಂದೆ ಒಂದು ಪ್ಲೇಟ್ ಕೊಡಿ, ಇಲ್ಲಾ ಸ್ವಲ್ಪ ಮೇಲೆ ಸರಿಸಿ ತಾಗಿಸಿ ಯೂನಿಯನ್ ಮಾಡಿ. ಶೀಟಿನಲ್ಲಿ ಅಕ್ಷರದ ತೂತು ಮಾಡುವ ಜಾಲಿ ನಮೂನೆಯದ್ದಾದ್ರೆ ಉಲ್ಟಾ ತೊಂದರೆ, ಸೊನ್ನೆಯ ಹೊಟ್ಟೆ, ಠ ದ ಹೊಟ್ಟೆ ಉದುರಿಹೋಗ್ತದೆ, ಸಣ್ಣ ಸೇತುವೆ ಬಿಡ್ಬೇಕು.

ಮೂರನೇದು ಅಳತೆ. ಇಂಕ್‌ಸ್ಕೇಪ್ ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡೀತದೆ, ಇಲಸ್ಟ್ರೇಟರ್ 72. ಡಾಕ್ಯುಮೆಂಟ್ ಪಿಕ್ಸೆಲ್‌ನಲ್ಲಿ ಇದ್ರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ 12 ಇಂಚಿನ ಬೋರ್ಡ್ 16 ಇಂಚು ಆಗ್ತದೆ, ಅಥವಾ 9 ಆಗ್ತದೆ. ಶುರುವಿಗೇ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಮಿಲಿಮೀಟರ್ ಇಡಿ, ಮತ್ತೆ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿ ಕಳಿಸಿ, ನಮ್ಮಲ್ಲಿ ಓಪನ್ ಮಾಡಿದಾಗ ಅದನ್ನು ಅಳೆದ್ರೆ ಗೊತ್ತಾಗ್ತದೆ.

ರಂಗೋಲಿ_ಚುಕ್ಕಿ (ಧಾರವಾಡ)

ಒತ್ತಕ್ಷರ ಬೀಳ್ತಾವ ಅನ್ನೋದು ತಲ್ಯಾಗ ಬಂದಿರ್ಲಿಲ್ರಿ, ಭಾಳ ಉಪಕಾರ ಆತು. ಕಡೀ ಪ್ರಶ್ನೆ, ಇಲ್ಲಿ ಪ್ರೆಸ್‌ನವ್ರ ಹತ್ರ ಹಳೇ ಕೋರೆಲ್ ಐತಿ, ನಾ ಇಂಕ್‌ಸ್ಕೇಪ್‌ಲೆ ಏನ್ ಸೇವ್ ಮಾಡಿ ಕೊಡ್ಬೇಕು? ಅದ್ರಾಗ ಸಿಡಿಆರ್ ಸೇವ್ ಮಾಡೋದ ಕಾಣವಲ್ದು.

ಸ್ಕ್ರೀನ್_ಮತ್ತು_ಇಂಕು (ದಾವಣಗೆರೆ)

ಸಿಡಿಆರ್ ಅದ್ರಲ್ಲಿ ಓಪನ್ ಮಾಡಬಹುದು, ಸೇವ್ ಮಾಡೋಕೆ ಆಗಲ್ಲ ಮೇಡಂ. ಪಿಡಿಎಫ್ ಕೊಡಿ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿದಾಗ ಒಂದು ಬಾಕ್ಸ್ ಬರುತ್ತೆ, ಅದ್ರಲ್ಲಿ ಕನ್ವರ್ಟ್ ಟೆಕ್ಸ್ಟ್ ಟು ಪಾತ್ಸ್ ಟಿಕ್ ಮಾಡಿ, ಆಗ ಫಾಂಟ್ ಅವರ ಹತ್ರ ಇಲ್ಲದಿದ್ರೂ ಅಕ್ಷರ ಕೆಡಲ್ಲ. ನೆರಳು, ಬ್ಲರ್ ಹಾಕಬೇಡಿ, ಆ ಜಾಗ ಫೋಟೋ ಥರ ಬದಲಾಗಿ ಒಡೆದು ಕಾಣುತ್ತೆ. ಟ್ರಾನ್ಸ್‌ಪರೆನ್ಸಿನೂ ಬೇಡ, ತಿಳಿ ಬಣ್ಣ ಬೇಕಾದ್ರೆ ತಿಳಿ ಬಣ್ಣವನ್ನೇ ಕೊಡಿ. ಕಾರ್ಡಿನ ಅಂಚಿನವರೆಗೂ ಬಣ್ಣ ಇದ್ರೆ ನಾಲ್ಕೂ ಕಡೆ 3 ಮಿ.ಮೀ. ಆಚೆಗೆ ಚಾಚಿ, ಕಟಿಂಗ್‌ನಲ್ಲಿ ಬಿಳಿ ಅಂಚು ಬರಲ್ಲ.

ಮ್ಯಾಟರ್ ತಿದ್ದೋಕೆ ಬೇಕಾಗೋ ಎಸ್‌ವಿಜಿ ಫೈಲ್ ಅಕ್ಷರ ಅಕ್ಷರವಾಗೇ ಇರೋ ಹಾಗೆ ನಿಮ್ಮ ಹತ್ರ ಬೇರೆ ಇಟ್ಕೊಳ್ಳಿ. ಮುಹೂರ್ತದ ಟೈಮು, ಹೆಸರಿನ ಇನಿಷಿಯಲ್ಲು ಕೊನೇ ಗಳಿಗೇಲಿ ಬದಲಾಗೋದು ಇದ್ದಿದ್ದೇ, ಆಗ ಪ್ರೆಸ್‌ನವ್ರು ಪಿಡಿಎಫ್‌ನಲ್ಲಿ ತಿದ್ದೋಕಾಗಲ್ಲ, ನೀವೇ ತಿದ್ದಿ ಹೊಸ ಪಿಡಿಎಫ್ ಕಳಿಸಬೇಕು. ಫೈಲ್ ಹೆಸರಿಗೆ ತಾರೀಖು ಹಾಕಿ. ವಾಟ್ಸಾಪ್‌ನಲ್ಲಿ ಕಳಿಸೋದಾದ್ರೆ ಫೋಟೋ ಥರ ಅಲ್ಲ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ.